ರವಿಕೆ ಚುಚ್ತಿದೆಯೋ, ಹೆಣ್ಣು ಅನ್ನೋದೇ ಚುಚ್ತಿದೆಯೋ? ಆಟಿಸಂ ಇರೋರು ಸ್ವಲ್ಪ ಹೇಳಿ

ಆಲೆಮನೆ ಹೊಗೆ · ಭಾನುವಾರ ರಾತ್ರಿ 11:40

ಮೂರು ಸಲ ಟೈಪ್ ಮಾಡಿ ಅಳಿಸಿದ್ದೀನಿ. ಉದ್ದ ಆಗುತ್ತೆ, ತಾಳ್ಮೆ ಇರೋರು ಓದಿ.

ವಯಸ್ಸು 27. ಊರು ಮದ್ದೂರು ಕಡೆ. ಕೆಲಸ ಮೈಸೂರಲ್ಲಿ, ಕುವೆಂಪುನಗರದಲ್ಲಿ ಒಂದು ರೂಮು. ಎರಡು ವರ್ಷದ ಹಿಂದೆ ನನಗೆ ಆಟಿಸಂ ಇದೆ ಅಂತ ಗೊತ್ತಾಯ್ತು. ಬೇಜಾರಿಗಿಂತ ಸಮಾಧಾನವೇ ಜಾಸ್ತಿ ಆಯ್ತು. ಮಿಕ್ಸಿ ಹಾಕಿದ್ರೆ ಹಿತ್ತಲಿಗೆ ಓಡ್ತಿದ್ದದ್ದು, ಕಾಲರ್ ಹಿಂದಿನ ಚೀಟಿ ಕತ್ತರಿಸದೆ ಬಟ್ಟೆ ಹಾಕ್ಕೊಳ್ಳದೇ ಇದ್ದದ್ದು, ಮದುವೆ ಮನೆಯಲ್ಲಿ ಎಲೆ ಹಾಕೋ ಹೊತ್ತಿಗೇ ಜ್ವರ ಬಂದೋರ ಥರ ಮೂಲೆ ಸೇರ್ತಿದ್ದದ್ದು, ಎಲ್ಲಕ್ಕೂ ಒಂದು ಹೆಸರು ಸಿಕ್ತು.

ಈಗ ಆ ಹೆಸರೇ ತಲೆನೋವು. ಮೈ ಬಗ್ಗೆ ಏನೇ ಕಿರಿಕಿರಿ ಆದ್ರೂ 'ಆಟಿಸಂ ಇರ್ಬೇಕು ಬಿಡು' ಅಂತ ನಾನೇ ಬಾಯಿ ಮುಚ್ಚಿಸಿಕೊಳ್ತೀನಿ.

ನಾನು ನೆರೆದಾಗ ಮನೆಯಲ್ಲಿ ಒಸಗೆ ಮಾಡಿದ್ರು. 13 ವರ್ಷ. ಮಣೆ ಮೇಲೆ ಕೂರಿಸಿ, ಬಂದೋರೆಲ್ಲ ಕೆನ್ನೆಗೆ ಅರಿಶಿನ, ಮಡಿಲಿಗೆ ಚಿಗಳಿ ತಂಬಿಟ್ಟು. ಒಬ್ಬರ ಕೈ ಒದ್ದೆ, ಒಬ್ಬರ ಬಳೆ ಗಲ್ಲಕ್ಕೆ ಗೀಚ್ತಿತ್ತು. ಹಿಂದೆ ಸೋಬಾನೆ, ಅದರ ಮೇಲೆ ಯಾರದೋ ಮಗು ಅಳು. ಅವಸರದಲ್ಲಿ ಹೊಲಿಸಿದ ರವಿಕೆಯ ಜರಿ ಕಂಕುಳಲ್ಲಿ ಕುಯ್ದು ಕೆಂಪಗೆ ಬರೆ ಎದ್ದಿತ್ತು. ಅದುವರೆಗೂ ನಮ್ಮಜ್ಜಿ ನನ್ನ 'ಬಾರ್ಲಾ ಮಗ' ಅಂತಾನೇ ಕರೀತಿದ್ದದ್ದು. ಅವತ್ತು ದೊಡ್ಡಮ್ಮ, 'ಇನ್ನು ಲಾ ಗೀ ಅನ್ಬೇಡ ಕಣತ್ತೆ, ದೊಡ್ಡೋಳಾದ್ಲು' ಅಂದ್ರು. ಸಂಜೆಯಿಂದ ನಾನು 'ಬಾರವ್ವ' ಆದೆ. ರಾತ್ರಿ ಉಸಿರು ಕಟ್ಟೋ ಹಾಗೆ ಅತ್ತೆ. ಜರಿಗೆ ಅತ್ತೆನೋ, ಆ ಕೈಗಳಿಗೋ, ಆ 'ಲಾ' ಹೋದದ್ದಕ್ಕೋ, 14 ವರ್ಷ ಆದ್ರೂ ಬಿಡಿಸಿ ಹೇಳಕ್ಕೆ ಬರ್ತಿಲ್ಲ.

ಹೋದ ವರ್ಷ ಧೈರ್ಯ ಮಾಡಿ ಗಂಡಸರ ಕಾಟನ್ ಬನಿಯನ್ನು, ಸಡಿಲ ಶರ್ಟು ತಗೊಂಡೆ. ಮೈ ಉರಿ ಮುಕ್ಕಾಲು ಪಾಲು ಹೋಯ್ತು. ಆದ್ರೆ ಉಳಿದ ಕಾಲು ಪಾಲು ಬಟ್ಟೆಯದಲ್ಲ. ಸ್ನಾನಕ್ಕೆ ಹೋದಾಗ ಎದೆ ಕಡೆ ನೋಡಕ್ಕಾಗಲ್ಲ. ಅಸಹ್ಯ ಅಂತಲ್ಲ. ಬಸ್ಸಲ್ಲಿ ನಿಂತೋರು ಕೂತೋರ ತೊಡೆ ಮೇಲೆ ಬ್ಯಾಗ್ ಇಡ್ತಾರಲ್ಲ, 'ಸ್ವಲ್ಪ ಹಿಡ್ಕೊಳ್ಳಿ' ಅಂತ? ಹಂಗೆ ಯಾರೋ ಇಟ್ಟು, ವಾಪಸ್ ತಗೊಳ್ದೆ ಇಳಿದೇ ಹೋಗಿದ್ದಾರೆ ಅನ್ಸುತ್ತೆ. ನಾನು ಹಿಡ್ಕೊಂಡೇ ಕೂತಿದ್ದೀನಿ.

ಒಬ್ಬರು ಕೌನ್ಸೆಲರ್ ಹತ್ರ ಹೇಳಿದೆ. 'ನಿಮ್ಮಂಥೋರಿಗೆ ಆಗಾಗ ಒಂದು ಗೀಳು ಹಿಡಿಯುತ್ತೆ, ಹೋದ ವರ್ಷ ರೈಲ್ವೆ ಟೈಮ್‌ಟೇಬಲ್ ಅಂತಿದ್ರಲ್ಲ, ಇದೂ ಹಂಗೇ' ಅಂದ್ರು. 600 ರೂಪಾಯಿ ಕೊಟ್ಟು ಬಂದೆ.

ಇದನ್ನ ನೀವು ಹೇಗೆ ಬೇರೆ ಮಾಡಿ ನೋಡಿದ್ರಿ? ಚರ್ಮದ ಕಿರಿಕಿರಿ ಯಾವುದು, 'ನಾನು ಇದಲ್ಲ' ಅನ್ನೋದು ಯಾವುದು?

ಸಿದ್ದಪ್ಪ ಸ್ಕ್ವೇರ್ · ರಾತ್ರಿ 11:58

ಸಿಸ್ಟರ್, ತಪ್ಪು ತಿಳ್ಕೋಬೇಡಿ. ಇದೆಲ್ಲ ಮೊಬೈಲ್ ನೋಡಿ ನೋಡಿ ಬಂದಿರೋದು. ನಮ್ಮ ಕಾಲದಲ್ಲಿ ಎಲ್ಲಿತ್ತು? ಮದುವೆ ಆಗಿ ಒಂದು ಮಗು ಆದ್ರೆ ತಾನೇ ಸರಿಹೋಗುತ್ತೆ.

ಹಳೇ ಸಂತೆಪೇಟೆ · ಸೋಮವಾರ ಬೆಳಗ್ಗೆ 6:15

ಗಂಡು ಅಂತ ಹುಟ್ಟಿ ಹೆಣ್ಣಾಗಿ ಬಾಳ್ತಿರೋ ಜಾನಪದ ಕಲಾವಿದೆ ಮಂಜಮ್ಮ ಜೋಗತಿ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ಅವರು ಮನೆ ಬಿಟ್ಟು ಜೋಗತಿ ಆದ ಕಾಲಕ್ಕೆ ಬಳ್ಳಾರಿ ಕಡೆ ಯಾವ ಮೊಬೈಲ್ ಇತ್ತು ಸ್ವಾಮಿ? ಮತ್ತೆ 'ಮದುವೆ ಆದ್ರೆ ಸರಿಹೋಗುತ್ತೆ' ಅನ್ನೋ ಔಷಧಿ ಕೊಟ್ಟು ಎಷ್ಟು ಮನೆಯಲ್ಲಿ ಇಬ್ಬರ ಬದುಕು ಕೆಟ್ಟಿದೆ ನೋಡಿದ್ದೀವಿ. ಕೇಳಿದ್ದಕ್ಕೆ ಗೊತ್ತಿದ್ರೆ ಹೇಳಿ.

ಕುಕ್ಕರಹಳ್ಳಿ ಸುತ್ತು · ಬೆಳಗ್ಗೆ 8:02

ನನಗೂ ಆಟಿಸಂ. ನನ್ನ ಕಥೆ ಬೇರೆ ಕಡೆ ಹೋಗಿ ನಿಂತದ್ದು, ಅದಕ್ಕೇ ಬರೀತಿದ್ದೀನಿ.

ಮೂರು ವರ್ಷದ ಹಿಂದೆ ನಾನೂ ಇದೇ ಪ್ರಶ್ನೆ ಹೊತ್ಕೊಂಡು ಕೆರೆ ಸುತ್ತ ದಿನಾ ನಡೀತಿದ್ದೆ. ಸೀರೆ ಅಂದ್ರೆ ಆಗಲ್ಲ, ಬಳೆ ಆಗಲ್ಲ, ಮುಟ್ಟಿನ ಐದು ದಿನ ಮನುಷ್ಯರ ಮುಖ ನೋಡಕ್ಕಾಗಲ್ಲ. 'ಹಾಗಾದ್ರೆ ನಾನು ಹೆಣ್ಣೇ ಅಲ್ವೇನೋ' ಅಂತ. ಒಂದು ನೋಟ್‌ಬುಕ್ ಇಟ್ಟೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಮೊದಲು ಗಂಜಿ ಹಾಕಿದ ಸೀರೆ ಬಿಟ್ಟೆ. ಆಮೇಲೆ ಹುಕ್ಕಿನ ಬ್ರಾ ಬಿಟ್ಟು ಹೊಲಿಗೆ ಹೊರಗಡೆ ಇರೋ ಕಾಟನ್ ಸ್ಲಿಪ್ಪು. ಪ್ಯಾಡಿನ ಪ್ಲಾಸ್ಟಿಕ್ ಸದ್ದು ಮತ್ತು ವಾಸನೆ ನನಗೆ ಆಗ್ತಿರಲಿಲ್ಲ, ಬಟ್ಟೆಯದಕ್ಕೆ ಹೋದೆ. ಬದಲಾಯಿಸಿದ ಮೇಲೆ ಎರಡು ವಾರ ಸುಮ್ನೆ ಗಮನಿಸೋದು.

ಕೊನೆಗೆ ನೋಡಿದ್ರೆ ನನಗೆ ಬೇಕಿದ್ದದ್ದು ಮೆತ್ತಗಿನ ಬಟ್ಟೆ ಅಷ್ಟೇ. ಅದು ಸಿಕ್ಕ ಮೇಲೆ ತರಕಾರಿಯೋರು 'ಏನಕ್ಕ' ಅಂದ್ರೆ ಒಳಗೆ ಏನೂ ಕದಲಲ್ಲ, ಹಿತವಾಗೇ ಇರುತ್ತೆ. ನಿಮಗೆ ಬಟ್ಟೆ ಸರಿಹೋದ ಮೇಲೂ ಕಾಲು ಪಾಲು ಉಳಿದಿದೆ ಅಂತ ನೀವೇ ಬರೆದಿದ್ದೀರ. ನನ್ನದರಲ್ಲಿ ಅದು ಉಳೀಲಿಲ್ಲ.

ಒಂದು ಮಾತು, ಮುಟ್ಟಿನ ವಿಷಯ. ಹಬ್ಬಕ್ಕೆ, ಗೃಹಪ್ರವೇಶಕ್ಕೆ ಮುಂದಕ್ಕೆ ಹಾಕಕ್ಕೆ ಮೆಡಿಕಲ್ ಸ್ಟೋರಿಂದ ಮಾತ್ರೆ ತಂದು ನುಂಗ್ತಾರಲ್ಲ, ಹಂಗೆ ನೀವಾಗಿ ತಿಂಗಳುಗಟ್ಟಲೆ ತಗೊಳ್ಳಕ್ಕೆ ಹೋಗ್ಬೇಡಿ. ಕೆಲವರಿಗೆ ರಕ್ತ ಹೆಪ್ಪುಗಟ್ಟೋ ಅಪಾಯ ಇರುತ್ತೆ. ಮುಟ್ಟು ಕಡಿಮೆ ಮಾಡೋಕೆ, ನಿಲ್ಲಿಸೋಕೆ ಸರಿಯಾದ ದಾರಿಗಳಿವೆ, ಹೆರಿಗೆ ಡಾಕ್ಟರ ಹತ್ರ 'ತಡ್ಕೊಳ್ಳಕ್ಕಾಗ್ತಿಲ್ಲ' ಅಂದ್ರೆ ಸಾಕು, ಹೆಣ್ಣೋ ಗಂಡೋ ಅಂತ ತೀರ್ಮಾನ ಮಾಡ್ಕೊಂಡೇ ಹೋಗ್ಬೇಕಿಲ್ಲ.

ಎರಡನೇ ಗೇರು · ಬೆಳಗ್ಗೆ 10:31

ಆಲೆಮನೆ ಅವರೇ, ನಾನು ನಿಮ್ಮ ಥರಾನೇ 'ಮಗಳು' ಅಂತ ಹುಟ್ಟಿದೋನು. ಈಗ 34, ಮೈಸೂರಲ್ಲೇ ಇದ್ದೀನಿ, ಎಲ್ಲರಿಗೂ 'ಸಾರ್'. ಆಟಿಸಂ ಗೊತ್ತಾಗಿದ್ದು ಇದಾದ ಮೇಲೆ.

ಕುಕ್ಕರಹಳ್ಳಿ ಅವರ ನೋಟ್‌ಬುಕ್ ಒಳ್ಳೇದೇ, ಆದ್ರೆ ನನ್ನ ಕೇಸಲ್ಲಿ ಅದು ಕೆಲಸ ಮಾಡ್ಲಿಲ್ಲ. ಎರಡೂ ಒಂದೇ ದಿಕ್ಕಿಗೆ ಎಳೀತಿದ್ವು. ಸೀರೆ ಚರ್ಮಕ್ಕೂ ಆಗಲ್ಲ, ಮನಸ್ಸಿಗೂ ಆಗಲ್ಲ. ಯಾವುದು ಯಾವುದು ಅಂತ ಬಿಡಿಸೋದು ಹೇಗೆ? ನನಗೆ ಉತ್ತರ ಸಿಕ್ಕಿದ್ದು ಕಟಿಂಗ್ ಶಾಪಲ್ಲಿ.

ಕಟಿಂಗ್ ಶಾಪ್ ನಮ್ಮಂಥೋರಿಗೆ ನರಕ. ಕಿವಿ ಹಿಂದೆ ಆ ಮೆಷಿನ್ ಗುಂಯ್ ಅನ್ನೋದು, ಕತ್ತಿಗೆ ಬಿಗಿದ ನೈಲಾನ್ ಬಟ್ಟೆ, ಒಳಗೆ ಬಿದ್ದ ಕೂದಲ ತುಂಡು, ಎದುರಿಗೆ ಟಿವಿ, ಕೊನೆಗೆ ಕುತ್ತಿಗೆಗೆ ಪೌಡರ್ ಬ್ರಷ್ಷು. 22ನೇ ವಯಸ್ಸಲ್ಲಿ ಮೊದಲ ಸಲ ಕೂತಾಗ ತೊಡೆ ಉಗುರಲ್ಲಿ ಒತ್ತಿ ಒತ್ತಿ ಗುರುತಾಗಿತ್ತು. ಮುಗಿದ ಮೇಲೆ ಆತ ಹಿಂದೆ ಸಣ್ಣ ಕನ್ನಡಿ ಹಿಡಿದು ಕತ್ತು ತೋರಿಸಿದ. ಮೈಯೆಲ್ಲ ಉರೀತಿದೆ, ಕಣ್ಣಲ್ಲಿ ನೀರು, ಆದ್ರೆ ಎದ್ದು ಹೋಗಕ್ಕೆ ಮನಸ್ಸಿಲ್ಲ. ಇನ್ನೊಂದು ಸಲ ತೋರ್ಸಿ ಅಂತ ಕೇಳಿದೆ.

ಚರ್ಮ 'ಬೇಡ' ಅಂತಿತ್ತು, ನಾನು 'ಬೇಕು' ಅಂತಿದ್ದೆ. ಆ ಥರ ಎರಡೂ ಬೇರೆ ಬೇರೆ ಕಡೆ ಎಳೆಯೋ ಜಾಗ ಹುಡುಕಿ ನೋಡಿ. ಒಂದೋ ಎರಡೋ ಸಿಕ್ಕೇ ಸಿಗುತ್ತೆ.

ಇನ್ನು ಎದೆ ಚಪ್ಪಟೆ ಕಾಣ್ಲಿ ಅಂತ ಬಿಗಿದು ಕಟ್ಟೋ ವಿಷಯ, ನೀವು ಕೇಳದಿದ್ರೂ ಹೇಳ್ತೀನಿ, ಯಾಕಂದ್ರೆ ಎಲ್ಲರೂ ಮೊದಲು ಮಾಡೋ ತಪ್ಪು ಇದು. ಮೆಡಿಕಲ್‌ನಲ್ಲಿ ಸಿಗೋ ಕ್ರೇಪ್ ಬ್ಯಾಂಡೇಜ್ ಸುತ್ತಬೇಡಿ. ಉಸಿರಾಡಿದಂಗೆಲ್ಲ ಅದು ಬಿಗಿ ಆಗುತ್ತೆ, ಪಕ್ಕೆಲುಬಿಗೆ ಪೆಟ್ಟು. ಅದಕ್ಕೇ ಅಂತ ಹೊಲಿದ ಬೈಂಡರ್ ಆದ್ರೂ ದಿನಕ್ಕೆ ಎಂಟು ಗಂಟೆ ಮೀರಬಾರದು, ಹಾಕ್ಕೊಂಡು ಮಲಗಬಾರದು. ನಮ್ಮಲ್ಲಿ ಅನೇಕರಿಗೆ ಇನ್ನೊಂದು ಅಪಾಯ: ನೋವಾಗ್ತಿದೆ ಅನ್ನೋದೇ ತಡವಾಗಿ ಗೊತ್ತಾಗುತ್ತೆ. ನಾನು ಅಲಾರಾಂ ಇಟ್ಟುಕೊಂಡಿದ್ದೆ. ನನಗೆ ಆ ಒತ್ತು ಕಂಬಳಿ ಹೊದ್ದಂಗೆ ಹಿತ ಅನಿಸ್ತಿತ್ತು. ನನ್ನ ಸ್ನೇಹಿತನೊಬ್ಬ ಹತ್ತು ನಿಮಿಷಕ್ಕೆ ಕಿತ್ತು ಎಸೆದ, ಅವನೂ ನನ್ನಷ್ಟೇ ಗಂಡಸು. ಬೈಂಡರ್ ಸಹಿಸಲಿಕ್ಕಾಗಲಿಲ್ಲ ಅಂತ ಏನೂ ಸಾಬೀತಾಗಲ್ಲ.

ಹಾರ್ಮೋನು ದೂರದ ಮಾತು. ಟೆಸ್ಟೋಸ್ಟೆರಾನ್ ಅನ್ನೋ ಗಂಡು ಹಾರ್ಮೋನು ತಗೊಂಡು ಒಡೆದ ಧ್ವನಿ ನಿಲ್ಲಿಸಿದ್ರೂ ವಾಪಸ್ ಬರಲ್ಲ, ಅದಕ್ಕೇ ಮೊದಲು ವಾಪಸ್ ಬರೋ ಕೆಲಸಗಳನ್ನ ಮಾಡಿ. ಕೂದಲು ಬೆಳೆಯುತ್ತೆ.

ಆಲೆಮನೆ ಹೊಗೆ · ಮಧ್ಯಾಹ್ನ 1:20

ಊಟಕ್ಕೆ ಕೂತು ಓದಿದೆ. ಊಟ ಹಂಗೇ ಇದೆ.

ಎರಡನೇ ಗೇರು ಅವರೇ, ಬೇರೆ ಬೇರೆ ಕಡೆ ಎಳೆಯೋ ಜಾಗ ಅಂದ್ರಲ್ಲ. ನನ್ನ ಹತ್ರ ಉಲ್ಟಾದು ಇದೆ. ಅಜ್ಜಿದೊಂದು ಮೈಸೂರು ಸಿಲ್ಕ್, ಗಿಣಿ ಹಸಿರು, ಉಟ್ಟು ಉಟ್ಟು ನೀರಿನಂಗೆ ಆಗಿದೆ. ಜರಿ ಕೂಡ ಸವೆದಿದೆ. ಅದರಷ್ಟು ಹಿತವಾದ ಬಟ್ಟೆ ನಾನು ಮುಟ್ಟೇ ಇಲ್ಲ, ತಲೆಗೆ ಏನಾದ್ರೂ ಹೆಚ್ಚಾದ್ರೆ ಬೀರು ತೆಗೆದು ಅದನ್ನ ಕೆನ್ನೆಗೆ ಇಟ್ಕೊಂಡು ಕೂರ್ತೀನಿ. ಹೋದ ದೀಪಾವಳಿಗೆ ಅಮ್ಮ ಅದನ್ನೇ ಉಡಿಸಿದ್ರು. ಚರ್ಮಕ್ಕೆ ಸ್ವರ್ಗ. ಕನ್ನಡಿ ಮುಂದೆ ನಿಂತೆ. ಅಲ್ಲಿ ಯಾರೋ ಚೆಂದದ ಹುಡುಗಿ ನಿಂತಿದ್ಲು, ನಾನು ಸರಿದು ದಾರಿ ಬಿಡ್ಬೇಕು ಅನ್ನಿಸ್ತು.

ಇದನ್ನ ಬರೀವರೆಗೂ ಅದು ಉತ್ತರ ಅಂತ ಹೊಳೆದಿರಲಿಲ್ಲ.

ಆದ್ರೂ ಗಂಡು ಅಂತ ಹೇಳ್ಕೊಳ್ಳಕ್ಕೂ ಬಾಯಿ ಬರ್ತಿಲ್ಲ. ಗಂಡಸರ ಗುಂಪಲ್ಲಿ ನಿಂತ್ರೂ ನಾನು ಹೊರಗಿನವರೇ.

ಗಂಗೋತ್ರಿ ನೆರಳು · ಮಧ್ಯಾಹ್ನ 3:47

ನಾನು ಮನಃಶಾಸ್ತ್ರದ ವೃತ್ತಿಯಲ್ಲಿರುವವಳು, ಆಟಿಸಂ ಇರುವವರ ಜೊತೆ ಹನ್ನೆರಡು ವರ್ಷ ಕೆಲಸ ಮಾಡಿದ್ದೇನೆ. ಆ ಕೌನ್ಸೆಲರ್ ಮಾತಿಗೆ ಉತ್ತರ ಹೇಳಲೇಬೇಕು ಅನಿಸಿತು.

ರೈಲ್ವೆ ಟೈಮ್‌ಟೇಬಲ್‌ನ ಆಸಕ್ತಿ ಸಿಕ್ಕಾಗ ಖುಷಿ ಕೊಡುತ್ತದೆ, ಬಿಟ್ಟಾಗ ಬಿಡುತ್ತದೆ. ಹದಿಮೂರರಿಂದ ಇಪ್ಪತ್ತೇಳರವರೆಗೆ, ಯಾರಿಗೂ ಹೇಳದೆ, ಬಚ್ಚಲುಮನೆಯಲ್ಲಿ ಕಣ್ಣು ತಪ್ಪಿಸುವುದನ್ನು ಅದರ ಪಕ್ಕದಲ್ಲಿಡುವುದು ಕೇಳಿಸಿಕೊಳ್ಳದವರ ಕೆಲಸ. ಇದು ನಿಮ್ಮೊಬ್ಬರ ವಿಚಿತ್ರವೂ ಅಲ್ಲ. 2020ರಲ್ಲಿ ಕೇಂಬ್ರಿಡ್ಜ್ ಸಂಶೋಧಕರು ಸುಮಾರು 6,40,000 ಜನರ ಮಾಹಿತಿ ನೋಡಿದರು. ಹುಟ್ಟಿದಾಗ ಬರೆಸಿದ ಲಿಂಗದ ಜೊತೆ ಹೊಂದದವರಲ್ಲಿ ಆಟಿಸಂ ಇರುವವರ ಪ್ರಮಾಣ ಉಳಿದವರಿಗಿಂತ ಮೂರರಿಂದ ಆರು ಪಟ್ಟು ಹೆಚ್ಚು ಕಂಡಿತು. ಒಂದು ಇನ್ನೊಂದಕ್ಕೆ ಕಾರಣ ಎಂದು ಅದರಿಂದ ಹೇಳಲಾಗದು. ಎರಡೂ ಒಬ್ಬರಲ್ಲೇ ಇರುವುದು ಅಪರೂಪವಲ್ಲ ಎಂದಷ್ಟೇ.

ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ 11ನೇ ಆವೃತ್ತಿ 2022ರ ಜನವರಿಯಿಂದ ಜಾರಿಯಲ್ಲಿದೆ. ಅದರಲ್ಲಿ ಹುಟ್ಟಿದಾಗ ಬರೆಸಿದ ಲಿಂಗದ ಜೊತೆ ಹೊಂದದಿರುವುದನ್ನು ಮನೋರೋಗಗಳ ಅಧ್ಯಾಯದಿಂದಲೇ ತೆಗೆದು ಲೈಂಗಿಕ ಆರೋಗ್ಯದ ಅಧ್ಯಾಯಕ್ಕೆ ಹಾಕಿದ್ದಾರೆ. 'ಸರಿಪಡಿಸುತ್ತೇವೆ' ಎಂದು ಚಿಕಿತ್ಸೆ ಕೊಡುವುದನ್ನು ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ವೃತ್ತಿ ದುರ್ನಡತೆ ಎಂದಿದೆ. ಯಾರಾದರೂ ಅಂಥ ಮಾತು ತೆಗೆದರೆ ಎದ್ದು ಬನ್ನಿ.

ಒಂದು ವೃತ್ತಿಯ ಗುಟ್ಟು. ಆಟಿಸಂ ಇರುವ ಅನೇಕರಿಗೆ 'ಹೇಗನಿಸುತ್ತಿದೆ' ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಹಸಿವು, ಬಾಯಾರಿಕೆಯ ಸುಳಿವೇ ತಡವಾಗಿ ಸಿಗುವವರಿಗೆ ಇದು ಇನ್ನೂ ಕಷ್ಟ. ಅವರಿಗೆ 'ಆಗ ಏನು ಮಾಡಿದಿರಿ' ಎಂದು ಕೇಳಬೇಕು. ಕನ್ನಡಿ ಮುಂದೆ ಸರಿದು ದಾರಿ ಬಿಡಬೇಕು ಅನ್ನಿಸಿತು ಎಂದಿರಲ್ಲ, ಆ ಬಗೆಯ ಉತ್ತರಗಳನ್ನೇ ಬರೆದಿಟ್ಟುಕೊಳ್ಳಿ, ಮುಂದೆ ಯಾರನ್ನು ಕಂಡರೂ ಆ ಹಾಳೆಯನ್ನೇ ಕೊಡಿ. ಕೂತು ಮಾತಾಡಿ ಹೇಳಲೇಬೇಕೆಂಬ ನಿಯಮವಿಲ್ಲ.

ರಾತ್ರಿ ತೀರಾ ಕಷ್ಟವಾದರೆ 14416, ಟೆಲಿ-ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಕನ್ನಡದಲ್ಲಿ ಮಾತಾಡುತ್ತಾರೆ.

ಆಲೆಮನೆ ಹೊಗೆ · ಸಂಜೆ 5:10

ಮೇಡಂ, ಮನೆಗೆ ಹೇಳಿಬಿಡ್ತಾರಾ ಅನ್ನೋ ಭಯಕ್ಕೇ ಇನ್ನೊಬ್ಬರ ಹತ್ರ ಹೋಗಿಲ್ಲ.

ಗಂಗೋತ್ರಿ ನೆರಳು · ಸಂಜೆ 5:34

ನಿಮಗೆ 27. ನಿಮ್ಮ ಒಪ್ಪಿಗೆಯಿಲ್ಲದೆ ಹೇಳುವಂತಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಗೋಪ್ಯತೆಯ ಹಕ್ಕು ಬರೆದಿದೆ. ಜೀವಕ್ಕೆ ಅಪಾಯ ಎಂಬಂಥ ಕೆಲವೇ ಸಂದರ್ಭ ಬಿಟ್ಟು. ಮೊದಲ ಭೇಟಿಯಲ್ಲೇ ಇದನ್ನು ಕೇಳಿ ಬಾಯಿಬಿಡಿಸಿಕೊಳ್ಳಿ.

ಮಂಡ್ಯದ ತಾಯಿ · ರಾತ್ರಿ 8:55

ನಾನು ಇಲ್ಲಿ ಬರೀಬೋದೋ ಇಲ್ವೋ. ನಮ್ ಹುಡ್ಗನಿಗೆ 19. ನಾಕು ವರ್ಷದ ಮಗು ಇದ್ದಾಗಿಂದ ಮೈಸೂರಿನ ಸ್ಪೀಚ್ ಅಂಡ್ ಹಿಯರಿಂಗ್‌ಗೆ ಬೆಳಗಿನ ಟ್ರೈನಿಗೆ ಕರ್ಕೊಂಡು ಬತ್ತಿದ್ದೆ. ಮಾತು ಕಮ್ಮಿ. ಪಕ್ಕದ ರೂಮಲ್ಲಿದ್ರೂ ವಾಟ್ಸಾಪಲ್ಲೇ ಹೇಳದು. ಯುಗಾದಿ ಆದ್ಮೇಲೆ ಒಂದಿನ ಮೆಸೇಜ್ ಬಂತು, 'ಅಮ್ಮ ನನ್ನ ಅವನು ಅನ್ಬೇಡ' ಅಂತ. ಮತ್ತೇನಂತ ಕರೀಲಪ್ಪ ಅಂತ ಕಳಿಸ್ದೆ. ಅರ್ಧ ಗಂಟೆ ಸುಮ್ನಿತ್ತು. ಆಮೇಲೆ, 'ಊಟಕ್ಕೆ ಕರಿ ಸಾಕು'.

ಅವರಪ್ಪಂಗೆ ಇನ್ನೂ ಗೊತ್ತಿಲ್ಲ. ನಂಗೆ ಅರ್ಥ ಆಗಿದೆ ಅಂತ ಸುಳ್ಳು ಹೇಳಕ್ಕಾಗಲ್ಲ. ಆದ್ರೆ 15 ವರ್ಷ ಬಾಯಿ ಬಿಡ್ಲಿ ಅಂತ ಹರಕೆ ಹೊತ್ತೋಳು ನಾನು, ಈಗ ಬಾಯಿ ಬಿಟ್ಟಾಗ ಬೇಡ ಅನ್ನೋದು ಹೆಂಗೆ?

ಆಲೆಮನೆ, ನಿಮ್ಮಮ್ಮಂಗೆ ಹೇಳ್ಬೇಡ ಅಂತ ನಾನು ಅನ್ನಲ್ಲ, ಹೇಳು ಅಂತಾನೂ ಅನ್ನಲ್ಲ ಮಗ. ನಿಂತ ನೆಲ ಗಟ್ಟಿ ಇರ್ಲಿ ಮೊದ್ಲು. ಕೆಲ್ಸ, ರೂಮು, ಒಂದಿಷ್ಟು ದುಡ್ಡು.

ಹಳೇ ಸಂತೆಪೇಟೆ · ರಾತ್ರಿ 9:12

ತಾಯಿ, ಬರೀಬೋದು. ಇನ್ನೂ ಬರೀರಿ.

ಷಷ್ಠೀ ವಿಭಕ್ತಿ · ರಾತ್ರಿ 9:40

ಕನ್ನಡ ಮೇಷ್ಟ್ರು, ನಿವೃತ್ತ. ವಿಷಯ ನನ್ನದಲ್ಲ, ವ್ಯಾಕರಣ ನನ್ನದು. ಹಿಂದಿಯಲ್ಲಿ 'ನಾನು ಹೋಗುತ್ತೇನೆ' ಅನ್ನುವಾಗಲೇ ಗಂಡೋ ಹೆಣ್ಣೋ ಹೇಳಿಬಿಡಬೇಕು. ಕನ್ನಡದಲ್ಲಿ 'ಬಂದೆ', 'ಬಂದಿ', ಯಾರೂ ಬರಬಹುದು. ಪ್ರಥಮ ಪುರುಷಕ್ಕೆ ಬಂದಾಗಲೇ ತೊಡಕು, ಬಂದನು, ಬಂದಳು. ಅಲ್ಲೂ 'ಬಂದರು' ಇದೆ. ಮರ್ಯಾದೆಯೂ ಆಯಿತು, ಲಿಂಗವೂ ಕಾಣಲಿಲ್ಲ.

ಆಲೆಮನೆ ಹೊಗೆ · ರಾತ್ರಿ 10:05

ಸಾರ್, ಆಫೀಸಲ್ಲಿ ಅದೇ ನಡೀತಿದೆ, 'ಅವರು ಬಂದ್ರು'. ಆದ್ರೆ ಸ್ನೇಹಿತರು 'ಅವರು' ಅಂದ್ರೆ ಸಭೆಯಲ್ಲಿ ಕುರ್ಚಿ ಹಾಕಿ ಕೂರಿಸಿದಂಗೆ ಆಗುತ್ತೆ. ನಮ್ಮಜ್ಜಿ ಭಾಷೆ ಚೆನ್ನಾಗಿತ್ತು, ಮಕ್ಕಳಿಗೆಲ್ಲ 'ಅದು'. 'ಮಗ ಉಣ್ತಾ? ಮಲಗ್ತಾ?' ಅಂತ. ನನಗೆ ಅದರಷ್ಟು ಸರಿಯಾದ್ದು ಬೇರೆ ಸಿಕ್ಕಿಲ್ಲ. ಬೇರೆಯವರು 'ಅದು' ಅಂದ್ರೆ ಹೊಡೀಬೇಕು ಅನ್ಸುತ್ತೆ, ಅದು ಬೇರೆ ಮಾತು.

ಷಷ್ಠೀ ವಿಭಕ್ತಿ · ರಾತ್ರಿ 10:11

ಯಾರ ಬಾಯಲ್ಲಿ ಅನ್ನುವುದಕ್ಕೆ ವಿಭಕ್ತಿ ಪ್ರತ್ಯಯ ಇಲ್ಲವಲ್ಲ.

ಸಿದ್ದಪ್ಪ ಸ್ಕ್ವೇರ್ · ರಾತ್ರಿ 10:30

ಸರಿ, ಒಂದು ಕೇಳ್ತೀನಿ, ಜಗಳಕ್ಕಲ್ಲ. ಇದಕ್ಕೆಲ್ಲ ಸರ್ಕಾರದಲ್ಲಿ ಕಾಗದ ಪತ್ರ ಇದೆಯಾ? ನಮ್ಮ ಅಂಗಡಿ ಹುಡುಗ ಒಬ್ಬ ಇದೇ ಮಾತು ಹೇಳ್ತಿದ್ದ, ನಾನು ಬೈದು ಕಳಿಸಿದ್ದೆ.

ಎರಡನೇ ಗೇರು · ರಾತ್ರಿ 11:02

ಇದೆ. ತಮ್ಮ ಲಿಂಗತ್ವ ತಾವೇ ಹೇಳೋ ಹಕ್ಕು ಇದೆ ಅಂತ ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರಂದು ತೀರ್ಪು ಕೊಡ್ತು. ಆಮೇಲೆ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ 2019ರ ಕಾಯ್ದೆ, ಅದರ 2020ರ ನಿಯಮ. ನಾನು ಅರ್ಜಿ ಹಾಕಿದ್ದು 2022ರಲ್ಲಿ, ಆಗ ಪೋರ್ಟಲ್‌ನಲ್ಲಿ ಅಫಿಡವಿಟ್ ಹಾಕಿದ್ರೆ ಡಿಸಿ ಕಚೇರಿಯಿಂದ ಗುರುತಿನ ಚೀಟಿ ಬರ್ತಿತ್ತು, ವೈದ್ಯರ ತಪಾಸಣೆ ಕೇಳಲಿಲ್ಲ. ಕಾನೂನು ತಿದ್ದುಪಡಿ ಆಗ್ತಾ ಇರುತ್ತೆ, ಹಾಕೋ ದಿನ ಏನಿದೆ ಅದನ್ನ ಓದಿ ಹಾಕ್ಬೇಕು. ರಾಜ್ಯ ಸರ್ಕಾರದ ನೇಮಕಾತಿಯಲ್ಲಿ 2021ರಿಂದ ಟ್ರಾನ್ಸ್‌ಜೆಂಡರ್ ಜನರಿಗೆ ಶೇ. 1 ಮೀಸಲಾತಿನೂ ಇದೆ. ಆಟಿಸಂಗೆ ಬೇರೆ, ಅದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯೊಳಗೆ ಬರುತ್ತೆ.

ಆ ಹುಡುಗನ್ನ ವಾಪಸ್ ಕರೀರಿ ಸಾರ್.

ಸಿದ್ದಪ್ಪ ಸ್ಕ್ವೇರ್ · ರಾತ್ರಿ 11:20

ನಂಬರ್ ಇದೆ. ನೋಡ್ತೀನಿ.

ಆಲೆಮನೆ ಹೊಗೆ · ಎರಡು ವಾರ ಬಿಟ್ಟು, ಭಾನುವಾರ ರಾತ್ರಿ 9:30

ಕೂದಲು ಕತ್ತರಿಸ್ದೆ. ಸೊಂಟದ ತನಕ ಇದ್ದದ್ದು. ಕಿವಿಗೆ ಇಯರ್‌ಪ್ಲಗ್ ಹಾಕ್ಕೊಂಡು ಹೋಗಿದ್ದೆ, 'ಮೆಷಿನ್ ಬೇಡ, ಕತ್ತರಿ ಮಾತ್ರ, ಪೌಡರ್ ಬೇಡ' ಅಂತ ಚೀಟಿಯಲ್ಲಿ ಬರೆದು ಕೊಟ್ಟೆ. ಆತ ಓದಿ ಚೀಟಿನ ಕನ್ನಡಿ ಅಂಚಿಗೆ ಸಿಕ್ಕಿಸಿ, ಏನೂ ಕೇಳದೆ ಶುರು ಮಾಡಿದ. ಕನ್ನಡಿ ಹಿಂದೆ ಹಿಡಿದಾಗ ಎರಡನೇ ಗೇರು ಅವರ ಥರ ಕಣ್ಣೀರೇನೂ ಬರಲಿಲ್ಲ. ಹೊಟ್ಟೆ ಹಸೀತು, ಅಷ್ಟೇ. ಅದೂ ಸಮಯಕ್ಕೆ ಸರಿಯಾಗಿ ಗೊತ್ತಾಯ್ತು, ಅದು ನನಗೆ ಅಪರೂಪ. ಹೋಗಿ ಎರಡು ಮಸಾಲೆ ದೋಸೆ ತಿಂದೆ.

ಗಂಡು, ಹೆಣ್ಣು, ಎರಡೂ ಅಲ್ಲ, ಇನ್ನೂ ಯಾವ ಹೆಸರೂ ಇಟ್ಕೊಂಡಿಲ್ಲ.

ಊರಿಗೆ ಇವತ್ತು ಹೋಗಿದ್ದೆ. ಅಮ್ಮ ಬಾಗಿಲಲ್ಲೇ ನಿಂತು ಒಂದು ನಿಮಿಷ ನೋಡಿ, ಒಳಗೆ ಹೋಗಿ ಪಾತ್ರೆ ಜೋರಾಗಿ ತೊಳೆದ್ರು. ಮಧ್ಯಾಹ್ನದವರೆಗೂ ಮಾತಿಲ್ಲ. ಅಜ್ಜಿಗೆ ಈಗ ಕಣ್ಣು ಮಂಜು. ಪಕ್ಕ ಕೂತೆ. ತಲೆ ಮೇಲೆ ಕೈ ಇಟ್ಟು, ಹಿಂದಕ್ಕೆ ಸವರಿ, ಕತ್ತಿನ ಹತ್ರ ಬೆರಳು ನಿಲ್ಲಿಸಿ, 'ಯಾವನ್ಲಾ ಮಗ ಕಟ್ ಮಾಡ್ದೋನು? ಎಡಗಡೆ ಉದ್ದ ಬುಟ್ಟವ್ನೆ' ಅಂದ್ಲು.

ಕುಕ್ಕರಹಳ್ಳಿ ಸುತ್ತು · ರಾತ್ರಿ 9:41

ಚೀಟಿ ಉಪಾಯ ಕದೀತಿದ್ದೀನಿ. ಅಂಗಡಿ ಎಷ್ಟೊತ್ತಿಗೆ ಖಾಲಿ ಇರುತ್ತೆ?

ಮಂಡ್ಯದ ತಾಯಿ · ರಾತ್ರಿ 9:50

ನಂಗೂ ಹೇಳಿ. ನಮ್ದು ಉಲ್ಟಾ, ಕೂದ್ಲು ಬುಟ್ಟಿದೆ, ತುದಿ ಮಾತ್ರ ಸಮ ಮಾಡಿಸ್ಬೇಕಂತೆ. ಟಿವಿ ಇದ್ರೆ ಒಳಕ್ಕೆ ಕಾಲಿಡಲ್ಲ.

ಆಲೆಮನೆ ಹೊಗೆ · ರಾತ್ರಿ 10:02

ಬೆಳಗ್ಗೆ ಏಳೂವರೆಗೆ ಹೋಗಿ, ಆಗ ಯಾರೂ ಇರಲ್ಲ, ಟಿವಿನೂ ಹಾಕಿರಲ್ಲ. ಜಾಗ ಇಬ್ಬರಿಗೂ ಮೆಸೇಜ್ ಮಾಡ್ತೀನಿ. ಮಂಗಳವಾರ ರಜ.